ಹದಿನೇಳನೇ ಪೆಟ್ಟಿಗೆ

ಪುಂತಾ ಅರೆನಾಸ್. ಗಾಳಿ ಹೆಚ್ಚಾದ ದಿನ
ಬೀದಿ ಮೂಲೆಗೆ ಹಗ್ಗ ಕಟ್ಟುತ್ತಾರೆ, ಜನ ಹಿಡಿದು ನಡೆಯಲಿ ಅಂತ.
ನಾನೂ ಹಿಡಿದೇ ಬಂದೆ, ಇನ್ನೊಂದು ಕೈಲಿ ಲ್ಯಾಪ್‌ಟಾಪ್ ಚೀಲ,
ಹಡಗುಗಳಿಗೆ ಈರುಳ್ಳಿ, ಬಣ್ಣ, ಡೀಸೆಲ್ ಫಿಲ್ಟರ್ ಒದಗಿಸುವ
ಬುವಿನಿಚ್ ಅಂಗಡಿಗೆ.

ಮೆಟ್ಟಿಲಡಿಯ ಗೂಡಿನಲ್ಲಿ ಸರ್ವರು.
ತಲೆಯ ಮೇಲೆ ಬಣ್ಣದ ಡಬ್ಬಿ, ಪಕ್ಕದಲ್ಲಿ ಹಗ್ಗದ ಸುರುಳಿ,
ಫ್ಯಾನಿನ ಬಾಯಲ್ಲಿ ಬೆಕ್ಕಿನ ಕೂದಲು.
"ಈ ವರ್ಷ ಮೂರು ಸಲ ಸತ್ತಿದೆ," ಅಂದಳು ದಾನಿತ್ಸಾ,
"ಸತ್ತದ್ದು ನಮಗೆ ತಿಳಿದದ್ದು ಗಿರಾಕಿ ಬೈದ ಮೇಲೆ.
ಕೊರಿಯಾದ ಹಡಗೊಂದು ಎಂಟು ಸಂದೇಶ ಬಿಟ್ಟಿತ್ತಂತೆ,
ಒಂದೂ ಉಳಿದಿಲ್ಲ. ಸಾಮಾನೆಲ್ಲ ಉಶುವಾಯಾದಲ್ಲಿ ಕೊಂಡರು."
ಉಶುವಾಯಾ ಅನ್ನುವಾಗ
ಅನ್ನದಲ್ಲಿ ಕಲ್ಲು ಸಿಕ್ಕಿದ ಮುಖ.

ಎರಡು ದಿನ ಕೂತೆ. ಸಣ್ಣದೊಂದು ಪ್ರೋಗ್ರಾಮ್ ಒಳಗಿಳಿಸಿ
ಫೈರ್‌ವಾಲಿನಲ್ಲಿ ಒಂದೇ ಒಂದು ಕಿಂಡಿ ತೆರೆದೆ.
ಐದು ನಿಮಿಷಕ್ಕೊಮ್ಮೆ ಅದು, ಸಾವಿರದ ಎಂಟುನೂರು ಕಿಲೋಮೀಟರ್ ಆಚೆ
ಕಾನ್ಸೆಪ್ಸಿಯೋನಿನ ನನ್ನ ಯಂತ್ರಕ್ಕೆ ವರದಿ ಒಪ್ಪಿಸಬೇಕು:
ಮೈ ಎಷ್ಟು ಬಿಸಿ, ಡಿಸ್ಕ್ ಎಷ್ಟು ತುಂಬಿತು,
ಎಂಟು ಲೈನಿನಲ್ಲಿ ಎಷ್ಟು ಮಾತಾಡುತ್ತಿವೆ,
ಯಾವ ಪೆಟ್ಟಿಗೆಯಲ್ಲಿ ಕೇಳದೆ ಬಿದ್ದ ದನಿ ಎಷ್ಟು.
ದನಿಯಲ್ಲ, ದನಿಯ ಲೆಕ್ಕ.
"ಕದ್ದು ಕೇಳುತ್ತೀಯಾ?" ಅಂದಳು. ಇಲ್ಲ ಅಂದೆ.
ಅಂಚೆಯವನು ಕಾಗದ ತೂಗುತ್ತಾನೆ, ಓದುವುದಿಲ್ಲ.
(ಓದುವವರೂ ಇದ್ದಾರೆ. ಅದನ್ನು ಹೇಳಲಿಲ್ಲ.)

ಮರಳಿದ ವಾರವೇ, ಬೆಳಗಿನ ಜಾವ, ಮೊಬೈಲು ಒದರಿತು:
ಡಿಸ್ಕ್ ಶೇಕಡಾ ಎಂಬತ್ತೈದು. ಪೆಟ್ಟಿಗೆ ಹದಿನೇಳು.
ತೆಗೆದು ನೋಡಿದರೆ ನಾಲ್ಕು ಸಾವಿರದ ಚಿಲ್ಲರೆ ಸಂದೇಶ,
ಒಂದನ್ನೂ ಯಾರೂ ಕೇಳಿಲ್ಲ.
ರಾತ್ರಿ ಹತ್ತರಿಂದ ಆರರವರೆಗೆ ಗಂಟೆಗೊಂದು,
ಹನ್ನೊಂದು ಸೆಕೆಂಡು, ಹನ್ನೆರಡು, ಮತ್ತೆ ಹನ್ನೊಂದು.

ದಾನಿತ್ಸಾ ನಕ್ಕಳು:
"ಅದು ನೊಲ್ಬೆರ್ತೊ, ಧಕ್ಕೆಯ ಗೋದಾಮಿನ ಕಾವಲುಗಾರ.
ಎದ್ದಿದ್ದೇನೆ ಅಂತ ಗಂಟೆಗೊಮ್ಮೆ ಹೇಳಬೇಕು,
ಅಪ್ಪನ ನಿಯಮ. ಅಪ್ಪ ಕೇಳುತ್ತಿದ್ದ.
ಅಪ್ಪ ಹೋದ ಮೇಲೆ
ಇನ್ನು ಸಾಕು ಅನ್ನಲು ಯಾರಿಗೂ ನೆನಪಾಗಲಿಲ್ಲ."
ಅಳಿಸಲೇ? ಅಳಿಸು ಅಂದಳು. ಒಂದು ಕ್ಷಣ ಬಿಟ್ಟು,
"ಹಳೆಯದನ್ನು ಮಾತ್ರ."

ಅಳಿಸಿದೆ. ಆಮೇಲೆ ಯಾರೂ ಹೇಳದೆ, ಬಿಲ್ಲಿಗೂ ಸೇರಿಸದೆ,
ಇನ್ನೊಂದು ನಿಯಮ ಬರೆದೆ, ಉಳಿದವಕ್ಕೆ ತಿರುಗುಮುರುಗು:
ತುಂಬಿದರೆ ಕೂಗಬೇಡ, ಬರದಿದ್ದರೆ ಕೂಗು.
ಎಪ್ಪತ್ತು ನಿಮಿಷ ಹದಿನೇಳರಲ್ಲಿ ಹೊಸತು ಬೀಳದಿದ್ದರೆ
ನನ್ನನ್ನು ಎಬ್ಬಿಸು.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನನ್ನು
ಕಣ್ಣೇ ಇಲ್ಲದ್ದೊಂದು ಕಾಯತೊಡಗಿತು.

ಜುಲೈ. ನಾಲ್ಕೂ ಹತ್ತು. ಒದರಿತು.
ಫ್ಯಾನು ಸರಿ, ಡಿಸ್ಕ್ ಸರಿ, ಎಂಟು ಲೈನೂ ಜೀವಂತ,
ನಾಲ್ಕರದ್ದು ಮಾತ್ರ ಬಂದಿಲ್ಲ.
ಅಲ್ಲಿ ಮೈನಸ್ ಆರು.
ಧಕ್ಕೆಯ ಅಂಚಿಗೆ ಕಂಬಿ ಹಾಕಿದ್ದಾರೋ ಇಲ್ಲವೋ, ನೋಡಿರಲಿಲ್ಲ.
ಅವನ ಮುಖವನ್ನೂ.
ಗೋದಾಮಿನ ನಂಬರು ಒತ್ತಿದೆ.
ಹದಿನಾಲ್ಕು ಸಲ ರಿಂಗಾಯಿತು.

"ಯಾರು?" ದಪ್ಪ ದನಿ, ಅರ್ಧ ಇನ್ನೂ ನಿದ್ದೆಯಲ್ಲಿ.
ಸರ್ವರು ನೋಡಿಕೊಳ್ಳುವವಳು, ಅಂದೆ.
ಬಹಳ ಹೊತ್ತು ಬರೀ ಗಾಳಿ.
"ಹಾಗಾದರೆ ಇಷ್ಟು ದಿನ ಕೇಳುತ್ತಿದ್ದವಳು ನೀನಾ?"
ಕೇಳುತ್ತಿರಲಿಲ್ಲ, ಎಣಿಸುತ್ತಿದ್ದೆ ಅನ್ನಬೇಕಿತ್ತು.
ಹೂಂ ಅಂದೆ.
"ನೀರು ಕಾಯಿಸುತ್ತಿದ್ದೆ," ಅಂದ. "ಮಲಗಿರಲಿಲ್ಲ."
ಗೊತ್ತು, ಅಂದೆ.

ಐದಕ್ಕೆ ಹದಿನೇಳರಲ್ಲಿ ಹೊಸದೊಂದು ಬಿತ್ತು,
ನಲವತ್ತೆಂಟು ಸೆಕೆಂಡು.
ಏನು ಹೇಳಿದನೋ.
ತೆರೆಯಬಹುದಿತ್ತು, ಪಾಸ್‌ವರ್ಡು ನನ್ನಲ್ಲೇ ಇದೆ.
ಆರಕ್ಕೆ ಮತ್ತೆ ಹನ್ನೊಂದು.